ಸಾಬವ್ವ ಇಳಿಸಿದ ಅಂಕಿ

ಸಾಬವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿದ್ದವು. ಆಳಂದ ತಾಲೂಕಿನಿಂದ ಗಂಡ ಅಂಬಣ್ಣನ ಬೆನ್ನು ಹತ್ತಿ ಪುಣೆಗೆ ಬಂದ ವರ್ಷ ಭೋಸರಿಯಲ್ಲಿ ತಪ್ಪು ಬಸ್ಸು ಹತ್ತಿ, ಹಡಪಸರದವರೆಗೆ ಹೋಗಿ, ಕಂಡಕ್ಟರನಿಂದ ಬೈಸಿಕೊಂಡು ಅಳುತ್ತ ತಿರುಗಿ ಬಂದಿದ್ದಳು. ಆಮೇಲೆ ಹಟ ಹಿಡಿದು ಬಸ್ಸಿನ ಹಣೆಯ ಮೇಲಿನ ಮರಾಠಿ ಅಂಕಿ ಕಲಿತಳು. ಖಾನಾವಳಿಯ ಗೋಡೆಗೆ ತೂಗುತ್ತಿದ್ದ ಕ್ಯಾಲೆಂಡರು ನೋಡಿ ಇಂಗ್ಲಿಷ್ ಅಂಕಿಯನ್ನೂ ಕಲಿತಳು. ಅಷ್ಟೇ ಅವಳ ವಿದ್ಯೆ. ಅದೇ ವಿದ್ಯೆಯಿಂದ ಏಳು ವರ್ಷ ಗಂಡನ ಜೀವ ಕಾಯ್ದಿದ್ದೇನೆ ಎಂದು ಅವಳು ನಂಬಿದ್ದಳು.

ಅಂಬಣ್ಣ ಬಂದದ್ದು ಮಣ್ಣು ಅಗೆಯುವ ಕೆಲಸಕ್ಕೆ. ನಾಲ್ಕು ವರ್ಷ ಊರವರ ಕಟ್ಟಡಗಳಿಗೆ ಪಾಯ ತೋಡಿ, ಆಮೇಲೆ ಭೋಸರಿಯ ಒಂದು ಎರಕದ ಕಾರಖಾನೆ ಸೇರಿಕೊಂಡ. ಎತ್ತಿನಂಥ ಆಳು. ಇಬ್ಬರು ಹೊರುವ ಬೀಡು ಕಬ್ಬಿಣದ ಗಟ್ಟಿಯನ್ನು ಒಬ್ಬನೇ ಹೊಟ್ಟೆಗೆ ಆನಿಸಿಕೊಂಡು ಹೊತ್ತೊಯ್ಯುತ್ತಿದ್ದ. ಊಟಕ್ಕೆ ಕೂತರೆ ಆರು ಜೋಳದ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ, ಮೇಲೆ ಶೇಂಗಾ ಹಿಂಡಿ. ರವಿವಾರ ಬೋಟಿ ಇರಲೇಬೇಕು. ಸಾಬವ್ವ ಬೀದರ ಕಡೆಯ ಶಿವರುದ್ರಪ್ಪನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಬಂದ ಕೈಯಿಂದಲೇ ಮನೆಯಲ್ಲಿ ಮತ್ತೆ ಆರು ಬಡಿಯುತ್ತಿದ್ದಳು. ಅವನು ತಿನ್ನುವುದನ್ನು ನೋಡುವುದೆಂದರೆ ಅವಳಿಗೆ ದಣಿವೇ ಇರುತ್ತಿರಲಿಲ್ಲ.

ತೊಂಬತ್ತಾರನೆಯ ಇಸವಿಯ ಫೆಬ್ರವರಿಯಲ್ಲಿ ಅಂಬಣ್ಣ ಕಾರಖಾನೆಯ ನೆಲದ ಮೇಲೆ ಎದೆ ಹಿಡಿದುಕೊಂಡು ಕುಸಿದ. ಆಗ ಅವನಿಗೆ ನಲವತ್ತೆರಡು. ತಮ್ಮ ದತ್ತು ಟೆಂಪೋದಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಗೆ ಒಯ್ದ. ಹನ್ನೊಂದು ದಿನ ಇಟ್ಟುಕೊಂಡು, ಮನೆಗೆ ಕಳಿಸುವಾಗ ಅಲ್ಲಿಯ ಡಾಕ್ಟರು ಸಾಬವ್ವನ ಮುಂದೆ ರಕ್ತದ ರಿಪೋರ್ಟು ಹಿಡಿದರು. ಒಂದು ಅಂಕಿಗೆ ಕೆಂಪು ಶಾಯಿಯ ಸುತ್ತು ಇತ್ತು. 268.

"ಹಾ ಆಕಡಾ ಖಾಲೀ ಆಣಾ, ಬಾಈ," ಅಂದರು ಡಾಕ್ಟರು. ಈ ಅಂಕಿ ಕೆಳಗಿಳಿಸು, ತಾಯಿ. ರಕ್ತದಲ್ಲಿ ಚರಬಿ ಹೆಚ್ಚಾಗಿದೆ, ಎಣ್ಣೆ, ತುಪ್ಪ, ಮಟನ್ ಎಲ್ಲ ಬಂದ್.

ಅವತ್ತಿನಿಂದ ಆ ಅಂಕಿ ಸಾಬವ್ವನ ವೈರಿಯಾಯಿತು. ಪಲ್ಯಕ್ಕೆ ಒಗ್ಗರಣೆ ನಿಂತಿತು. ಶೇಂಗಾ ಮನೆಯಿಂದ ಹೊರಗೆ ಹೋಯಿತು. ಹಾಲನ್ನು ಕಾಯಿಸಿ, ಕೆನೆ ತೆಗೆದು, ಮತ್ತೆ ಕಾಯಿಸಿ, ಮತ್ತೆ ತೆಗೆದು, ನೀಲಿ ನೀರಿನಂತಾದ ಮೇಲೆ ಅವನ ಚಹಾಕ್ಕೆ ಹಾಕುತ್ತಿದ್ದಳು. ಆರು ತಿಂಗಳಿಗೊಮ್ಮೆ ಮೂಲೆಯ ರಕ್ತ ತಪಾಸಣೆಯ ಅಂಗಡಿಗೆ ಅವನನ್ನು ಕರೆದೊಯ್ಯುತ್ತಿದ್ದಳು. ಅಲ್ಲಿಯ ದಿಗಂಬರ ಅಕ್ಕಲಕೋಟೆಯವನು, ಎರಡೂ ಭಾಷೆ ಬಲ್ಲವನು. ಅವನು ಹಾಳೆ ಚಾಚುವ ಮೊದಲೇ ಸಾಬವ್ವ ಕತ್ತು ಉದ್ದ ಮಾಡಿ ಓದಿಬಿಡುತ್ತಿದ್ದಳು. 231. 209. 190.

"ಏನ್ ಹಾಕತೀರಿ ಬಾಈ ಅಡಗೀಗಿ? ಮಂತ್ರಾ?" ಎಂದು ದಿಗಂಬರ ನಗುತ್ತಿದ್ದ.

"ಏನೂ ಹಾಕಂಗಿಲ್ರಿ. ಅದಾ ಮಂತ್ರ," ಅನ್ನುತ್ತಿದ್ದಳು.

ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ಮಗಳು ಭಾಗ್ಯಾಳ ಲಗ್ನವಾಯಿತು. ಮರುದಿನ ಬೀಗರೂಟ. ಅವರಿದ್ದ ಸಾಲುಮನೆಗಳ ಚಾಳಿನ ಮುಂದಿನ ಚಪ್ಪರದಲ್ಲಿ ಬೀಗರ ಸಾಲಿನಲ್ಲೇ ಅಂಬಣ್ಣನೂ ಕೂತಿದ್ದ. ಯಾರೋ ಅವನ ತಾಟಿಗೂ ಮಟನ್ ಬಡಿಸಿದ್ದರು. ಮೂರು ವರ್ಷದಿಂದ ಬಾಯಿಗೆ ಹಾಕದ ಪದಾರ್ಥ. ಮೊದಲ ತುತ್ತು ತುಟಿಗೆ ಹೋಗುವಷ್ಟರಲ್ಲಿ ಸಾಬವ್ವ ಎಲ್ಲಿದ್ದಳೋ ಬಂದು, ಹೊಸ ಬೀಗರ ಎದುರಿಗೇ ಆ ತಾಟನ್ನು ಕಸಿದುಕೊಂಡಳು. ಸಾಲಿನಲ್ಲಿ ಕೂತವರ ಕೈಗಳು ನಿಂತವು. ಅಂಬಣ್ಣನ ಬೆರಳಿನಿಂದ ಸಾರು ಹೊಸ ಧೋತರದ ಮೇಲೆ ತೊಟ್ಟಿಕ್ಕಿತು. ಅವನು ಎದ್ದು ಕೈ ತೊಳೆದುಕೊಂಡು ರಸ್ತೆಯ ಕಡೆ ನಡೆದುಬಿಟ್ಟ.

ಮರುವರ್ಷದಿಂದ ಅವನಿಗೆ ಏದುಸಿರು ಶುರುವಾಯಿತು. ಮೊದಲು ಕಾರಖಾನೆಯ ಮೆಟ್ಟಿಲಲ್ಲಿ, ಆಮೇಲೆ ನಲ್ಲಿಯಿಂದ ಮನೆಗೆ ಬರುವ ಇಪ್ಪತ್ತು ಹೆಜ್ಜೆಯಲ್ಲಿ. ಪಾದ ಊದಿಕೊಂಡವು, ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಎದೆಯ ಚಿತ್ರ ತೆಗೆದ ಡಾಕ್ಟರು, ಅಂದಿನ ಹೊಡೆತಕ್ಕೆ ಹೃದಯ ಸಡಿಲಾಗಿದೆ, ರಕ್ತ ಎತ್ತಿ ದೂಡುವ ಶಕ್ತಿ ನೂರಕ್ಕೆ ಇಪ್ಪತ್ತೈದು ಮಾತ್ರ ಉಳಿದಿದೆ ಎಂದರು. ಆರೋಗ್ಯವಂತರಿಗೆ ಅದು ಅರವತ್ತು ಇರುತ್ತದಂತೆ.

ಈ ಅಂಕಿಯನ್ನು ಮೇಲೆ ಹೇಗೆ ಏರಿಸುವುದು ಎಂದು ಸಾಬವ್ವ ತನಗೆ ಬರುವಷ್ಟು ಮರಾಠಿಯಲ್ಲಿ ಕೇಳಿದಳು. ಅವರು ಗುಳಿಗೆಗಳ ಚೀಟಿ ಬರೆದುಕೊಟ್ಟರು, ಉಪ್ಪು ಬಿಡಿಸು, ನೀರು ಅಳೆದು ಕೊಡು ಎಂದರು. ಏರುತ್ತದೆ ಎಂದು ಮಾತ್ರ ಹೇಳಲಿಲ್ಲ.

ಏರಿಸಲಾಗದ ಅಂಕಿ ಒಂದು ಕಡೆ ಉಳಿಯಿತು. ಇಳಿಸಬಲ್ಲ ಅಂಕಿಯನ್ನು ಸಾಬವ್ವ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಅದು ತಾನಾಗಿಯೇ ಇಳಿಯುತ್ತಿತ್ತು. 162. 141. 128. ನೂರಾ ಇಪ್ಪತ್ತೆಂಟು ಬಂದ ದಿನ ಪಕ್ಕದ ಮನೆಯ ರಾಧಾಬಾಯಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಗುಡಿಯಲ್ಲಿ ಕಾಯಿ ಒಡೆಸಿದಳು. ಅಂಬಣ್ಣ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಅರ್ಧ ರೊಟ್ಟಿ ತಿಂದು ತಾಟು ದೂಡುತ್ತಿದ್ದ. ಕಪಾಳದ ಎಲುಬು ಎದ್ದು, ಅಂಗಿಯೊಳಗೆ ಹೆಗಲು ಬಿದಿರಿನಂತೆ ಕಾಣುತ್ತಿತ್ತು. ಹೊಟ್ಟೆ, ಕಾಲು ಮಾತ್ರ ನೀರು ತುಂಬಿ ದಪ್ಪಗಿದ್ದವು. ಚರಬಿ ಕರಗುತ್ತಿದೆ ಎಂದುಕೊಂಡಳು ಸಾಬವ್ವ.

ಎರಡು ಸಾವಿರದ ಮೂರರ ಆಷಾಢದಲ್ಲಿ ಅವನಿಗೆ ಮಲಗಲು ಆಗದಂತಾಯಿತು. ಕೂತರೆ ಉಸಿರು, ಮಲಗಿದರೆ ಇಲ್ಲ. ದತ್ತು ರಜೆ ಹಾಕಿ ರಿಕ್ಷಾ ತಂದ. ಈ ಸಲ ವಾರ್ಡಿನಲ್ಲಿ ಹೊಸ ಡಾಕ್ಟರಮ್ಮ ಇದ್ದರು. ಚಿತ್ರಾ ಎಂದು ಹೆಸರು. ಬಿಬವೇವಾಡಿಯಲ್ಲಿ ಹೋಟೆಲು ನಡೆಸುವ, ಕರಾವಳಿಯಿಂದ ಬಂದ ಮನೆಯ ಮಗಳು. ಸಾಬವ್ವ ದತ್ತುವಿನ ಜೊತೆ ಆಡಿದ ಮಾತು ಕಿವಿಗೆ ಬಿದ್ದು ಅವರು ತಿರುಗಿ ನಿಂತರು.

"ನೀವು ಕನ್ನಡದವರಾ ಅಮ್ಮಾ? ಕೂತುಕೊಳ್ಳಿ. ಎಷ್ಟು ಸಮಯದಿಂದ ಉಂಟು ಇವರಿಗೆ ಈ ತೊಂದರೆ?"

ಏಳು ವರ್ಷದಲ್ಲಿ ದವಾಖಾನೆಯೊಳಗೆ ಕನ್ನಡದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಸಾಬವ್ವ ಚೀಲ ಬಿಚ್ಚಿ, ತಂತಿಯಲ್ಲಿ ಪೋಣಿಸಿಟ್ಟಿದ್ದ ರಿಪೋರ್ಟುಗಳನ್ನೆಲ್ಲ ತೆಗೆದು ಹಾಸಿಗೆಯ ಮೇಲೆ ಹರಡಿದಳು. ಎಲ್ಲಕ್ಕಿಂತ ಮೇಲೆ ಹೋದ ವಾರದ್ದು ಇತ್ತು. 104.

"ನೋಡ್ರಿ ಬಾಯಾರ, ಎಲ್ಲಿಂದ ಎಲ್ಲಿಗಿ ಇಳಸೀನಿ! ಎರಡನೂರಾ ಅರವತ್ತೆಂಟಿತ್ರಿ. ಒಂದ್ ಹನಿ ಎಣ್ಣಿ ಮುಟ್ಟಿಸಿಲ್ಲ ನಾ."

ಚಿತ್ರಾ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಮುಖದಲ್ಲಿ ಸಂತೋಷ ಕಾಣಲಿಲ್ಲ. ಅಂಬಣ್ಣನ ತೋಳನ್ನು ಎರಡು ಬೆರಳಿನಿಂದ ಸುತ್ತಿ ಹಿಡಿದು ನೋಡಿದರು. ಆಮೇಲೆ ಸಾಬವ್ವನನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋದರು.

"ಅಮ್ಮಾ, ಹೃದಯ ಇಷ್ಟು ಸೋತವರಲ್ಲಿ ಈ ಕೊಲೆಸ್ಟ್ರಾಲ್ ಇಷ್ಟು ಇಳಿದರೆ ನಮಗೆ ಖುಷಿ ಆಗುವುದಿಲ್ಲ."

"ಯಾಕ್ರಿ? ಇಳಸ್ರಿ ಅಂತ ನೀವಾ ಹೇಳಿದ್ರಲ್ಲ?"

"ಎದೆಗೆ ಹೊಡೆತ ಬಿದ್ದಾಗ ಹೇಳಿದ್ದು ಸರಿಯೇ. ಆದರೆ ಹೃದಯ ಸೋತ ಮೇಲೆ ಲೆಕ್ಕ ಬೇರೆ. ಈಚೆಗೆ ಹೊರದೇಶದ ಡಾಕ್ಟರುಗಳು ಇಂಥ ತುಂಬ ರೋಗಿಗಳನ್ನು ನೋಡಿದ್ದಾರೆ. ಇದು ತೀರ ಕಡಿಮೆ ಇದ್ದವರು ಬೇಗ..." ಚಿತ್ರಾ ಬೇರೆ ಮಾತು ಹುಡುಕಿದರು. "ಸ್ವಲ್ಪ ಹೆಚ್ಚಿದ್ದವರು ಹೆಚ್ಚು ದಿನ ಇರ್ತಾರೆ. ಯಾಕೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಕರುಳಿಗೂ ನೀರು ಬಂದಿರ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಕಾಯಿಲೆ ಒಳಗಿನಿಂದಲೇ ಮೈಯನ್ನು ತಿಂತದೆ. ಈ ನಂಬರ್ ಅದರ ಗುರುತು."

ಮರಾಠಿಯಲ್ಲಿ ಹೇಳಿದ್ದರೆ, ನನಗೆ ಸರಿಯಾಗಿ ತಿಳಿಯಲಿಲ್ಲ ಎಂದು ಸಾಬವ್ವ ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಇದು ಕನ್ನಡ. ಒಂದು ಮಾತೂ ತಪ್ಪಿ ಹೋಗುವ ಹಾಗಿರಲಿಲ್ಲ.

"ಹಂಗಾದ್ರ ನಾ ಅವ್ರಿಗಿ ಉಪಾಸ ಕೆಡವಿ ಕೊಂದೆನೇನ್ರಿ?"

"ಇಲ್ಲ, ಇಲ್ಲ. ನೀವು ಇಳಿಸಿದ್ದಲ್ಲ ಅಮ್ಮಾ. ಇಷ್ಟು ಕೆಳಗೆ ಇಳಿಸಿದ್ದು ಕಾಯಿಲೆ."

ಡಾಕ್ಟರಮ್ಮ ಅವಳ ಭಾರ ಇಳಿಸಲೆಂದೇ ಈ ಮಾತು ಹೇಳಿದ್ದರು. ಸಾಬವ್ವ ಬೆಂಚಿನ ಮೇಲೆ ಹಾಗೇ ಕೂತಳು. ಕೆನೆ ತೆಗೆದ ಹಾಲು, ಒಗ್ಗರಣೆ ಕಾಣದ ಪಲ್ಯ, ಗುಡಿಯಲ್ಲಿ ಒಡೆಸಿದ ಕಾಯಿ, ಎಲ್ಲ ಕಣ್ಣ ಮುಂದೆ ಬಂದವು. ತಾನು ಮಾಡಿದ್ದೆಂದು ಹಿಗ್ಗಿದ್ದು ರೋಗ ಮಾಡಿದ ಕೆಲಸವಾಗಿತ್ತು. ಅದು ಅವನನ್ನು ತಿನ್ನುತ್ತಿದ್ದರೆ ತಾನು ಪಕ್ಕದಲ್ಲಿ ನಿಂತು ಶಾಬಾಸ್ ಎನ್ನುತ್ತಿದ್ದಳು.

ಒಂಬತ್ತು ದಿನಕ್ಕೆ ನೀರು ಇಳಿದು ಅಂಬಣ್ಣ ಮನೆಗೆ ಬಂದ. ಸಾಬವ್ವ ಅವತ್ತೇ ದತ್ತುವನ್ನು ಕಳಿಸಿ ತುಪ್ಪ ತರಿಸಿದಳು. ಡಾಕ್ಟರಮ್ಮ ಹೇಳಿದ್ದು ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಕೊಡಿ, ಉಪ್ಪು ಮಾತ್ರ ಬೇಡ ಎಂದು. ಸಾಬವ್ವನ ಕಿವಿಯಲ್ಲಿ ಉಳಿದದ್ದು ಕೊಡಿ ಎಂಬ ಒಂದೇ ಮಾತು. ಮುಂಜಾನೆ ಎರಡು ತತ್ತಿ, ಮಧ್ಯಾಹ್ನ ತುಪ್ಪದಲ್ಲಿ ಕಲಸಿದ ಅನ್ನ, ಸಂಜೆ ಆಡಿನ ಕಾಲಿನ ಸೂಪು. ಅಂಬಣ್ಣ ಮುಖ ತಿರುಗಿಸುತ್ತಿದ್ದ. ಅವಳು ಕೂಸಿಗೆ ತಿನ್ನಿಸುವಂತೆ ಗದ್ದ ಹಿಡಿದು ತುತ್ತು ತುರುಕುತ್ತಿದ್ದಳು.

"ಸಾಬಿ, ಸಾಕವಾ. ಒಳಗ ಹೋಗವಲ್ದು."

"ಹಿಂಗ ಅನಬ್ಯಾಡ್ರಿ. ಇನ್ನೊಂದ ತುತ್ತರಿ. ಭಾಗ್ಯಾನ ಆಣಿ ಅದ."

"ರುಚೀನ ಇಲ್ಲ, ಮಣ್ಣ ತಿಂದಂಗ ಆಗ್ಲತ್ತದ."

ರುಚಿ ಬರಲೆಂದು ಅವಳು ಸೂಪಿಗೆ ಉಪ್ಪು ಹಾಕಿದಳು. ಮೊದಲ ದಿನ ಚಿಟಿಕೆ, ಮೂರನೆಯ ದಿನ ಕೈ ತಡೆಯಲಿಲ್ಲ. ಅವನು ಬಟ್ಟಲು ಪೂರ್ತಿ ಕುಡಿದ, ಬಹಳ ದಿನದ ಮೇಲೆ ಚಲೋ ಆಗ್ಯಾದ ಎಂದ. ಸಾಬವ್ವ ಒಲೆಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಐದನೆಯ ದಿನ ಮುಂಜಾನೆ ಅವನ ಗಂಟಲಲ್ಲಿ ಗುಳುಗುಳು ಸದ್ದು. ತುಟಿ ನೀಲಿ. ರಾಧಾಬಾಯಿ ಓಡಿಹೋಗಿ ರಿಕ್ಷಾ ನಿಲ್ಲಿಸಿದಳು. ದಾರಿಯುದ್ದಕ್ಕೂ ಅವನು ಸಾಬವ್ವನ ಹೆಗಲಿಗೆ ಹಣೆ ಊರಿ, ಮುಳುಗುವವನ ಹಾಗೆ ಬಾಯಿ ತೆರೆಯುತ್ತಿದ್ದ.

"ಉಪ್ಪು ಹಾಕಿದಿರಾ?" ಎಂದು ಕೇಳಿದರು ಚಿತ್ರಾ, ಅವನಿಗೆ ಉಸಿರು ಹಿಂತಿರುಗಿದ ಮೇಲೆ.

ಸಾಬವ್ವ ತಲೆಯಾಡಿಸಿದಳು.

ಚಿತ್ರಾ ಬೈಯಲಿಲ್ಲ. "ಆ ನಂಬರನ್ನು ಹಗ್ಗದ ಹಾಗೆ ಎಳೆದರೆ ಇವರು ಮೇಲೆ ಬರುವುದಿಲ್ಲ ಅಮ್ಮಾ. ತುಪ್ಪದಿಂದ ಹೃದಯಕ್ಕೆ ಬಲ ಬರುವುದಿಲ್ಲ," ಎಂದರು.

"ಇಳಿಸಿದ್ದೂ ತಪ್ಪು, ಏರಿಸಿದ್ದೂ ತಪ್ಪು. ಹಂಗಾದ್ರ ನಾ ಏನ್ ಮಾಡ್ಲಿ, ಅದರ ಹೇಳ್ರಿ! ನನಗ ಬರೂದು ಅಡಗಿ ಒಂದಾ."

ಚಿತ್ರಾ ಅವಳ ಕೈ ಹಿಡಿದುಕೊಂಡರು.

ದೀಪಾವಳಿ ಕಳೆದ ಮೇಲೆ ಸಾಬವ್ವ ಒಬ್ಬಳೇ ದಿಗಂಬರನ ಅಂಗಡಿಗೆ ಹೋದಳು. ಹಿಂದಿನ ದಿನ ಅವನು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿದ್ದ. ಹಾಳೆಯ ಮೇಲೆ 96 ಎಂದಿತ್ತು.

"ದಿಗಂಬರಣ್ಣಾ, ಇನ್ನೊಂದ ಹಾಳಿ ಬರದ ಕೊಡ್ರಿ. ನೂರಾ ಐವತ್ತ ಅಂತ ಬರೀರಿ."

ದಿಗಂಬರ ಕನ್ನಡಕ ತೆಗೆದ. "ಯಾರಿಗಿ ತೋರಸ್ಲಾಕ ಬಾಈ? ಡಾಕ್ಟರಿಗಾ?"

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಅಂಬಣ್ಣಗಾ? ಅಂವ ನೋಡ್ತಾನೇನು?"

ಅಂಬಣ್ಣ ಎಂದೂ ನೋಡಿದವನಲ್ಲ. ದಿಗಂಬರ ಒಳಗೆ ಹೋಗಿ ನೀರು ತಂದು ಕೊಟ್ಟ. ಹಾಳೆ ಬರೆಯಲಿಲ್ಲ. ಆ ತಪಾಸಣೆಗೆ ದುಡ್ಡನ್ನೂ ಮುಟ್ಟಲಿಲ್ಲ. ಅವಳು 96 ಎಂದಿದ್ದ ಆ ಹಾಳೆಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದಳು.

ಅವತ್ತು ಮಧ್ಯಾಹ್ನ ಅಂಬಣ್ಣ ಬಾಗಿಲ ಹತ್ತಿರ ದಿಂಬುಗಳಿಗೆ ಒರಗಿ ಬಿಸಿಲು ಕಾಯಿಸುತ್ತಿದ್ದ. ಸಾಬವ್ವ ಅವನ ಕಾಲ ಬಳಿ ಕೂತು, ಊದಿದ ಪಾದ ತೊಡೆಯ ಮೇಲೆ ಇಟ್ಟುಕೊಂಡು, ನಾಲ್ಕು ವರ್ಷದಿಂದ ಗಂಟಲಲ್ಲಿದ್ದ ಮಾತನ್ನು ಆಡಿದಳು.

"ಭಾಗ್ಯಾನ ಲಗ್ನದಾಗ ನಿಮ್ಮ ತಾಟ ಕಸಗೊಂಡೆ. ಮಂದಿ ಮುಂದ."

ಅಂಬಣ್ಣ ಉಸಿರು ಕೂಡಿಸಿಕೊಂಡ. "ಭಾಳ ಸಿಟ್ಟ ಬಂದಿತ್ತು ನನಗ. ರಸ್ತೇಕ ಹೋಗಿ ಒಂದ ಗಾಡಿ ಮ್ಯಾಲ ಎರಡ ಆಮ್ಲೇಟ ತಿಂದ ಬಂದೆ."

ಸಾಬವ್ವ ಬಾಯಿ ತೆರೆದು ನೋಡಿದಳು.

"ನಿನಗ ಹೇಳಿರಲಿಲ್ಲ. ರವಿವಾರಕ್ಕೊಮ್ಮೆ ತಿಂತಿದ್ದೆ. ಕೆಲಸ ಬಿಡೂತನಕ." ಅವನ ಮುಖದಲ್ಲಿ ಕಳ್ಳನಗೆ ಬಂದು, ಕೆಮ್ಮಿನಲ್ಲಿ ಹೋಯಿತು. "ನೀ ಅಳಬ್ಯಾಡ. ನಿನ್ನ ಅಡಗಿಲಿಂದ ಏನೂ ಆಗಿಲ್ಲ. ನೀ ತಿಳಕೊಂಡಷ್ಟ ನಾ ನಿನ್ನ ಮಾತ ಕೇಳಿದಾಂವಲ್ಲ."

ಆ ಮಾತು ನಿಜವೋ, ತನ್ನನ್ನು ಸಮಾಧಾನ ಮಾಡಲು ಕಟ್ಟಿ ಹೇಳಿದ್ದೋ ಸಾಬವ್ವನಿಗೆ ಇಂದಿಗೂ ತಿಳಿದಿಲ್ಲ. ಆಮೇಲೆ ದತ್ತುವನ್ನು ಕೇಳಿದಳು. ಅವನು, "ಗೊತ್ತಿಲ್ಲ ವೈನಿ," ಎಂದು ಕಣ್ಣು ತಪ್ಪಿಸಿದ.

ಡಿಸೆಂಬರಿನ ಎರಡನೆಯ ವಾರ, ಮಧ್ಯಾಹ್ನದ ಊಟದ ಗದ್ದಲದಲ್ಲಿ ರಾಧಾಬಾಯಿ ಖಾನಾವಳಿಯ ಹಿಂಬಾಗಿಲಿಗೆ ಬಂದು ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸಾಬವ್ವ ತವಾದ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಬೇಯಿಸಿ, ಬುಟ್ಟಿಗೆ ಹಾಕಿದಳು. ಆಮೇಲೆ ಎದ್ದಳು. ಶಿವರುದ್ರಪ್ಪ ಒಲೆ ಆರಿಸಿದ. ಮನೆ ಮುಟ್ಟುವಷ್ಟರಲ್ಲಿ ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಅಂಬಣ್ಣ ದಿಂಬಿಗೆ ಒರಗಿಕೊಂಡೇ ಇದ್ದ, ಚಹಾದ ಕಪ್ಪು ಪಕ್ಕದಲ್ಲಿ ಅರ್ಧ ಉಳಿದಿತ್ತು. ಅವನಿಗೆ ನಲವತ್ತೊಂಬತ್ತು ಮುಗಿದಿತ್ತು.

ಎಲ್ಲ ಕಾರ್ಯ ಮುಗಿದು, ಭಾಗ್ಯಾ ತಿರುಗಿ ಹೋದ ಮೇಲೆ, ಜನವರಿಯ ಕೊನೆಗೆ ಸಾಬವ್ವ ಮತ್ತೆ ದವಾಖಾನೆಗೆ ಹೋದಳು. ಚಿತ್ರಾ ರೋಗಿಗಳನ್ನು ನೋಡಿ ಮುಗಿಸುವವರೆಗೆ ಬೆಂಚಿನ ಮೇಲೆ ಕಾದಳು.

"ಒಂದ ಮಾತ ಕೇಳ್ಲಾಕ ಬಂದೀನ್ರಿ. ಸಮಾಧಾನದ ಮಾತ ಹೇಳಬ್ಯಾಡ್ರಿ, ಖರೇ ಹೇಳ್ರಿ. ನಾ ಮೊದಲಿಂದ ಚಲೋ ತಿನ್ನಿಸಿದ್ರ ಇರತಿದ್ದರೇನು?"

ಚಿತ್ರಾ ಎದುರಿಗೆ ಕೂತರು. "ನನಗೆ ಗೊತ್ತಿಲ್ಲ," ಎಂದರು. "ಮೊದಲ ವರ್ಷಗಳಲ್ಲಿ ನೀವು ಮಾಡಿದ್ದರಿಂದ ಇನ್ನೊಂದು ಹೊಡೆತ ತಪ್ಪಿರಬಹುದು. ಕೊನೆಯ ವರ್ಷಗಳಲ್ಲಿ ಇಳಿದದ್ದು ಕಾಯಿಲೆಯಿಂದ. ಯಾವ ದಿನದಿಂದ ಅದನ್ನು ಇಳಿಸಿದ್ದು ಕಾಯಿಲೆ ಅಂತ ನನಗೂ ಹೇಳಲಿಕ್ಕೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಅವರ ಹೃದಯ ತುಂಬ ಸೋತಿತ್ತು ಅಮ್ಮಾ. ಅದು ಮಾತ್ರ ಖಂಡಿತ."

ಸಾಬವ್ವ ಎದ್ದು ನಿಂತಳು, ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದಳು. ಚಿತ್ರಾ ಅವಳನ್ನು ಕೂರಿಸಿ ರಕ್ತದೊತ್ತಡ ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು, ತಕ್ಕಡಿಯ ಮೇಲೆ ನಿಲ್ಲಿಸಿದರು. ಮೂವತ್ತೊಂಬತ್ತು ಕಿಲೋ.

"ನೀವು ಎಂತ ತಿಂತಿದ್ರಿ ಅಮ್ಮಾ, ಇಷ್ಟು ವರ್ಷ?"

"ಅವ್ರಿಗಿ ಮಾಡಿದ್ದಾ ತಿಂತಿದ್ದೆರಿ. ಅವ್ರ ಮುಂದ ಕೂತು ನಾ ಎಣ್ಣಿ ಹಾಕ್ಕೊಂಡು ಹ್ಯಾಂಗ ತಿನ್ಲಿ?"

ಚಿತ್ರಾ ತಾವೇ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ವಡೆ ಸಾಂಬಾರು ತರಿಸಿದರು. ವಡೆ ಆಗಷ್ಟೇ ಬಾಣಲೆಯಿಂದ ಎದ್ದದ್ದು. ಮುರಿದರೆ ಹೊಗೆ ಬಂತು, ಬೆರಳಿಗೆ ಎಣ್ಣೆ ಹತ್ತಿತು. ಸಾಬವ್ವ ಬೆರಳನ್ನು ನೋಡುತ್ತ ಕೂತಳು. ಸುತ್ತ ನರ್ಸುಗಳು, ರೋಗಿಗಳ ಕಡೆಯವರು ಮರಾಠಿಯಲ್ಲಿ ಗಲಗಲ ಮಾತಾಡುತ್ತ ತಿನ್ನುತ್ತಿದ್ದರು. ಚಿತ್ರಾ ಕೈ ಗಡಿಯಾರ ನೋಡಲಿಲ್ಲ.

ಮೊದಲ ತುತ್ತು ನುಂಗಲು ಬಹಳ ಹೊತ್ತು ಹಿಡಿಯಿತು. ಎರಡನೆಯದು ಇಳಿಯಿತು. ಒಂದು ವಡೆ ತಿಂದು, ಇನ್ನೊಂದನ್ನು ಅಲ್ಲೇ ಬಿಟ್ಟಳು. ಕೈ ತೊಳೆದುಕೊಂಡು, ಡಾಕ್ಟರಮ್ಮನಿಗೆ ಕೈ ಮುಗಿದು, ಭೋಸರಿಯ ಬಸ್ಸಿಗೆ ನಡೆದಳು. ಮರುದಿನ ಮುಂಜಾನೆ ಶಿವರುದ್ರಪ್ಪನ ಖಾನಾವಳಿಯಲ್ಲಿ ಹಿಟ್ಟು ನಾದಲು ಕೂತಳು.